ಮಿದುಳಿಗೆ ಮೂಗಿನ ದಾರಿ

ಕನ್ನಡಿಯಲ್ಲಿ ಟಿಪ್ಪರ್ ಮತ್ತೆ ಕಾಣಿಸಿತು.

ಈ ಸಲ ಇನ್ನೂ ಹತ್ತಿರ.

ಸಂಡೂರಿನಿಂದ ಹೊಸಪೇಟೆಗೆ ಇಳಿಯುವ ರಸ್ತೆ ನಿಮಗೆ ಗೊತ್ತಲ್ಲ... ಗುಡ್ಡ, ತಿರುವು, ಎದುರಿಗೆ ಬರುವವನ ಮುಖವೂ ಕಾಣದಷ್ಟು ಕೆಂಪು ಧೂಳು. ಅದಿರು ತುಂಬಿದ ಲಾರಿ ಅಲ್ಲಿ ತೆವಳುತ್ತದೆ. ಇದು ಖಾಲಿ ಟಿಪ್ಪರ್. ಹಾರಿಕೊಂಡು ಬರುತ್ತಿತ್ತು. ಹಾರ್ನ್ ಹಾಕುತ್ತಿರಲಿಲ್ಲ. ಹಾರ್ನ್ ಹಾಕುವವನಿಗೆ ದಾರಿ ಬೇಕಿರುತ್ತದೆ.

ಇವನಿಗೆ ಬೇಕಾಗಿದ್ದು ನಾವು.

"ಮೇಡಂ," ಹಿಂದಿನ ಸೀಟಿನಿಂದ ಪಂಪೇಶ್ ನನ್ನ ಕಿವಿಯ ಹತ್ತಿರ ಬಾಗಿದ. "ನೀವು ಕೇಳಿದ್ರಲ್ಲ, ರಕ್ತದಾಗಿನ ಔಷಧ ಮಿದುಳಿಗೆ ಯಾಕ ಹೋಗಂಗಿಲ್ಲ ಅಂತ..."

"ಕೇಳಿದ್ದು ಸಂಡೂರಿನಾಗ. ಈಗ ಬ್ಯಾಡ."

"ಮಿದುಳಿನ ರಕ್ತನಾಳದ ಗ್ವಾಡಿ ಐತಲ್ರಿ, ಅದರ ಜೀವಕೋಶ ಒಂದಕ್ಕೊಂದು ಭಾಳ ಬಿಗಿಯಾಗಿ..."

"ಪಂಪೇಶ್, ನೀವು ಬಿಗಿಯಾಗಿ ಹಿಡ್ಕಳ್ರಿ."

ಹಿಡಿದುಕೊಂಡ. ನನ್ನನ್ನಲ್ಲ. ತೊಡೆಯ ಮೇಲಿದ್ದ ಐಸ್ ಬಾಕ್ಸನ್ನು.

ಟಿಪ್ಪರಿನ ಬಂಪರ್ ನನ್ನ ಬುಲೆಟ್ಟಿನ ನಂಬರ್ ಪ್ಲೇಟಿಗೆ ಮುತ್ತಿಟ್ಟಿತು. ಬೈಕು ಒಮ್ಮೆ ಅಲ್ಲಾಡಿತು. ಮುಂದೆ ಅದಿರಿನ ಎರಡು ಲಾರಿ, ಒಂದನ್ನೊಂದು ಹಿಂದೆ ಹಾಕಲು ಹೋಗಿ ಇಡೀ ರಸ್ತೆ ತುಂಬಿಕೊಂಡಿದ್ದವು. ನಡುವೆ ಒಂದು ಎಮ್ಮೆ ನುಸುಳುವಷ್ಟು ಜಾಗ. ಎಮ್ಮೆ ಧೈರ್ಯ ಮಾಡುತ್ತಿರಲಿಲ್ಲ.

ನಾನು ಮಾಡಿದೆ.

ಎರಡೂ ಕಡೆ ಚಕ್ರ, ತಲೆಯ ಮೇಲೆ ಉದುರುವ ಅದಿರಿನ ಪುಡಿ, ಕಿವಿ ಕಿವುಡಾಗುವಷ್ಟು ಸದ್ದು... ಆಚೆ ಬಂದಾಗ ಹಿಂದೆ ನೋಡಿದೆ. ಟಿಪ್ಪರ್ ಎರಡು ಲಾರಿಗಳ ಬೆನ್ನಿಗೆ ಸಿಕ್ಕಿಬಿದ್ದಿತ್ತು. ಈಗ ಹಾರ್ನ್ ಹಾಕುತ್ತಿತ್ತು.

"...ಸಿಮೆಂಟ್ ಹಾಕಿದಂಗ ಇರ್ತಾವ್ರಿ," ಪಂಪೇಶ್ ವಾಕ್ಯ ಮುಗಿಸಿದ.

ನಾನು ಅನುಸೂಯಾ. ಯಶವಂತನಗರದ ಗಣಿಯಲ್ಲಿ ಸೆಕ್ಯೂರಿಟಿ ಸೂಪರ್‌ವೈಸರ್ ಆಗಿದ್ದೆ. ಗಣಿ ನಿಂತ ಮೇಲೆ ಹೊಸಪೇಟೆಯಲ್ಲಿ ಜೆರಾಕ್ಸ್ ಅಂಗಡಿಯ ಮಹಡಿಯ ಮೇಲೆ ಒಂದು ಆಫೀಸು ಇಟ್ಟೆ. ಕಳೆದುಹೋದ ಲಾರಿ ಹುಡುಕುತ್ತೇನೆ. ಕಳೆದುಹೋದ ಗಂಡಂದಿರನ್ನೂ ಹುಡುಕುತ್ತೇನೆ. ಲಾರಿ ಹುಡುಕುವುದು ಸುಲಭ. ಸಿಕ್ಕಾಗ ಅದು ಕಾರಣ ಹೇಳುವುದಿಲ್ಲ.

ಪಂಪೇಶ್ ಮಾತ್ರ ಕಳೆದುಹೋಗುವ ಮೊದಲೇ ಫೋನ್ ಮಾಡಿದ್ದ. ಸಂಡೂರಿನ ಒಂದು ಫಾರ್ಮಸಿ ಕಾಲೇಜಿನಲ್ಲಿ ಪಾಠ ಹೇಳುವ ಮೇಷ್ಟ್ರು. ಗಾಳಿ ಬೀಸಿದರೆ ಆತುಕೊಳ್ಳಲು ಗೋಡೆ ಹುಡುಕುವಂಥ ಆಳು. ಕಾಲೇಜಿನ ಹಿಂದಿನ ಕೋಣೆಯಲ್ಲಿ ವರ್ಷಗಟ್ಟಲೆ ಕೂತು ಒಂದು ಅಂಟು ಮಾಡಿದ್ದ. ಔಷಧವನ್ನು ಆ ಅಂಟಿನಲ್ಲಿ ಬೆರೆಸಿ ಮೂಗಿನ ಮೇಲ್ತುದಿಗೆ ಬಿಟ್ಟರೆ, ಅದು ಅಲ್ಲಿ ಕಚ್ಚಿ ಕೂತು, ವಾಸನೆಯ ನರ ಹಿಡಿದು ನೆಟ್ಟಗೆ ಮಿದುಳಿಗೆ ಹೋಗುತ್ತದಂತೆ. ಸಿಮೆಂಟ್ ಗೋಡೆಯನ್ನು ಒಡೆಯುವುದಿಲ್ಲ. ಹಿತ್ತಲ ಬಾಗಿಲಿನಿಂದ ಹೋಗುತ್ತದೆ.

"ಮನುಷ್ಯರಿಗೆ ಹಾಕೀರೇನು?" ಎಂದು ನಾನು ಕೇಳಿದ್ದೆ.

"ಇಲ್ರಿ. ಇನ್ನೂ ಇಲಿಯೊಳಗ ಮಾತ್ರ."

"ಯಾಕ ಹಿಡಿದ್ರಿ ಈ ಕೆಲ್ಸ?"

"ನಮ್ಮಕ್ಕಗ ಮಿದುಳಿಗೆ ಟಿಬಿ ಆಗಿತ್ರಿ. ರಕ್ತದಾಗ ಬೇಕಾದಷ್ಟು ಔಷಧ ಇತ್ತು. ಮಿದುಳಿಗೆ ಸಾಕಾಗಷ್ಟು ಮುಟ್ಟಲಿಲ್ಲ."

ಎಲ್ಲವನ್ನೂ ಉದ್ದಕ್ಕೆ ವಿವರಿಸುವ ಮನುಷ್ಯ ಅದನ್ನು ಅಷ್ಟಕ್ಕೇ ಬಿಟ್ಟ. ನಾನು ಬೈಕ್ ತೆಗೆದೆ.

ಕೆಲಸ ಇಷ್ಟೇ. ಪಂಪೇಶನನ್ನೂ ಅಂಟಿನ ಸೀಸೆಗಳಿದ್ದ ಅವನ ಐಸ್ ಡಬ್ಬವನ್ನೂ ಕಂಪ್ಲಿಗೆ ಮುಟ್ಟಿಸಬೇಕು. ಅಲ್ಲಿ ನಾಗೇಂದ್ರಪ್ಪ ಎಂಬ ಹಿರಿಯರು. ಪೇಟೆಂಟ್ ಆಫೀಸಿನಲ್ಲಿ ಕೆಲಸ ಮಾಡಿ ರಿಟೈರ್ ಆಗಿ, ಈಗ ಬೇರೆಯವರಿಗೆ ಪೇಟೆಂಟ್ ಅರ್ಜಿ ಬರೆದುಕೊಡುತ್ತಾರೆ. ಎದುರು ಕೂರಿಸಿ ಪ್ರಶ್ನೆ ಕೇಳದೆ, ಕಣ್ಣ ಮುಂದೆ ಸಹಿ ಹಾಕಿಸದೆ, ಒಂದಕ್ಷರ ಟೈಪ್ ಮಾಡುವುದಿಲ್ಲ ಎಂಬ ಹಠ ಅವರದು.

ಅಡ್ಡಗಾಲು ಹಾಕಿದವನು ಶಂಭುಲಿಂಗ. ತೋರಣಗಲ್ಲು ಕಡೆ ಔಷಧದ ಕಂಪನಿ ಇಟ್ಟುಕೊಂಡವನು. ಬಿಳಿ ಅಂಗಿ, ತಣ್ಣನೆಯ ಮಾತು. ಹಂಪಿಯ ಒಂದು ರೆಸಾರ್ಟಿಗೆ ಪಂಪೇಶನನ್ನು ಊಟಕ್ಕೆ ಕರೆದಿದ್ದ. ಊಟ ಮುಗಿಯುವುದರೊಳಗೆ ಇಲಿಗಳು ಹುಷಾರಾದ ಸಂಗತಿಯೆಲ್ಲ ಅವನಿಗೆ ತಿಳಿದಿತ್ತು. ಮರುದಿನದಿಂದ ಕಾಲೇಜಿನ ಗೇಟಿನಲ್ಲಿ ಅವನ ಆಳುಗಳು ನಿಂತರು.

"ಅಂಟಿನ್ಯಾಗ ಏನೈತಿ ಅಂತಾನೂ ಹೇಳಿದ್ರೇನು?" ಕಮಲಾಪುರ ದಾಟುವಾಗ ಕೇಳಿದೆ.

"ಇಲ್ರಿ."

"ಶಾಣ್ಯಾ ಅದೀರಿ."

"ಅವರು ಕೇಳಲಿಲ್ರಿ. ಕೇಳಿದ್ರ ಹೇಳ್ತಿದ್ದೆ. ನಂಗ ಸುಳ್ಳು ಹೇಳಾಕ ಬರಂಗಿಲ್ಲ."

"ಬಾಯಿ ಮುಚ್ಚಾಕ?"

ಅವನು ಸ್ವಲ್ಪ ಯೋಚಿಸಿದ. "ಅದೂ ಬರಂಗಿಲ್ರಿ."

ನನ್ನ ವೃತ್ತಿಯಲ್ಲಿ ಎಂಥೆಂಥ ಗಿರಾಕಿಗಳನ್ನೋ ನೋಡಿದ್ದೇನೆ. ಕೇಳಿದ್ದಕ್ಕೆಲ್ಲ ನಿಜ ಹೇಳುವ ಗಿರಾಕಿ ಇವನೊಬ್ಬನೇ. ಇಂಥವನನ್ನು ಕಾಪಾಡುವುದು ಭಾರಿ ಕಷ್ಟ.

"ಹಂಗಾದ್ರ ಒಂದ್ ಕೆಲ್ಸ ಮಾಡ್ರಿ," ಎಂದೆ. "ಎಲ್ಲಾನೂ ಯೂಟ್ಯೂಬಿಗೆ ಹಾಕ್ರಿ. ಊರಿಗೆಲ್ಲ ಗೊತ್ತಾದ ಮ್ಯಾಲೆ ಕದಿಯೋರಿಗೆ ಏನು ಕೆಲ್ಸ?"

"ಹಾಕಿದ್ರ ಅದು ಹೊಸದಲ್ಲ ಅಂತ ಆಗ್ತೈತ್ರಿ. ಯಾರಿಗೂ ಪೇಟೆಂಟ್ ಸಿಗಂಗಿಲ್ಲ."

"ಒಳ್ಳೇದಾತಲ್ಲ."

"ಪೇಟೆಂಟ್ ಇಲ್ಲಂದ್ರ ಮನುಷ್ಯರ ಮ್ಯಾಲೆ ಪರೀಕ್ಷೆ ಮಾಡಾಕ ಯಾವ ಕಂಪನಿನೂ ಮುಂದ ಬರಂಗಿಲ್ಲ. ಇದು ಇಲಿಯೊಳಗೇ ಉಳಿತೈತಿ."

"ಶಂಭುಲಿಂಗ ಮಾಡ್ತಾನಲ್ಲ ಪರೀಕ್ಷೆ?"

"ಮಾಡ್ತಾರ್ರಿ. ಆಮ್ಯಾಲೆ ಬೆಲಿನೂ ಅವರೇ ಹಾಕ್ತಾರ. ನಮ್ಮಕ್ಕನಂಥೋರು ಆಗ್ಲೂ ಬಾಗಿಲದಾಗೇ ನಿಂತಿರ್ತಾರ."

ಗಾಡಿಯ ವೇಗ ಹೆಚ್ಚಿಸಿದೆ.

ಬುಕ್ಕಸಾಗರದ ಹತ್ತಿರ ಕಾಲುವೆಯ ಸೇತುವೆ. ಅದಕ್ಕೆ ಅಡ್ಡ ಒಂದು ಜೀಪು. ಜೀಪಿಗೆ ಒರಗಿ ಅಂಜಿನಿ.

ಅಂಜಿನಿಯ ಪರಿಚಯ ಹೇಳಿಬಿಡುತ್ತೇನೆ. ಗಣಿಯಲ್ಲಿ ನನ್ನ ಕೈಕೆಳಗೆ ಗೇಟ್ ಕಾಯುತ್ತಿದ್ದ. ಈಗ ಶಂಭುಲಿಂಗನ ಕೈಯಾಳು. ಬಾಗಿಲಿನಷ್ಟು ಅಗಲ. ಕೈಯಲ್ಲಿ ಜಾಕಿನ ರಾಡು. ಬೆನ್ನ ಹಿಂದೆ ಇನ್ನಿಬ್ಬರು.

"ನಮಸ್ಕಾರ ಮೇಡಂ."

"ನಮಸ್ಕಾರ ಅಂಜಿನಿ. ಟಿಪ್ಪರ್‌ನಾಗ ಇರ್ಲಿಲ್ಲೇನು?"

"ಅದು ನಮ್ಮ ಹುಡುಗ್ರು. ಹೆದರ್ಸ್ರಿ ಅಂದ್ರ ಗುದ್ದಾಕ ಹೋಗ್ಯಾರ. ಬೈದೀನಿ." ಅವನು ರಾಡನ್ನು ಅಂಗೈಯಲ್ಲಿ ಮೆಲ್ಲಗೆ ಬಡಿದುಕೊಂಡ. "ಡಬ್ಬ ಕೊಡ್ರಿ ಮೇಡಂ. ನಿಮ್ಮ ಮ್ಯಾಲೆ ಕೈ ಎತ್ತಾಕ ನಂಗ ಮನಸ್ಸಿಲ್ಲ."

"ಇವರಿಬ್ರಿಗೆ?"

"ಅವರಿಗೆ ನಿಮ್ಮ ಪರಿಚಯ ಇಲ್ರಿ."

ಇಬ್ಬರೂ ಮುಂದೆ ಬಂದರು. ಒಬ್ಬ ಬೈಕಿನ ಕೀ ಕಿತ್ತುಕೊಳ್ಳಲು ಕೈ ಚಾಚಿದ. ಅವನ ಹೆಬ್ಬೆರಳನ್ನು ಹಿಂದಕ್ಕೆ ಮಡಚಿದೆ. ಅವನು ಕೂತುಬಿಟ್ಟ. ಇನ್ನೊಬ್ಬ ನನ್ನ ಭುಜಕ್ಕೆ ಬಾರಿಸಿದ. ಕಣ್ಣಿಗೆ ಕತ್ತಲೆ ಬಂತು. ಅಂಜಿನಿ ಪಂಪೇಶನ ಕಡೆಗೆ ಹೆಜ್ಜೆ ಹಾಕಿದ.

ಮೂವರು. ನಾನು ಒಬ್ಬಳು. ಪಂಪೇಶನನ್ನು ಲೆಕ್ಕಕ್ಕೆ ಹಿಡಿಯುವಂತಿರಲಿಲ್ಲ.

"ಪಂಪೇಶ್, ಅಂಟು ಮಾಡೋದು ನಿಮ್ಮ ತಲಿಯೊಳಗ ಐತೇನು?"

"ಐತ್ರಿ. ಪೂರ್ತಿ."

ಅವನ ತೋಳಿನಿಂದ ಡಬ್ಬ ಕಿತ್ತುಕೊಂಡೆ. ಸೇತುವೆಯ ಆಚೆ ಎಸೆದೆ.

ಮುಚ್ಚಳ ಗಾಳಿಯಲ್ಲೇ ಬಿಚ್ಚಿಕೊಂಡಿತು. ಐಸು, ಪುಟ್ಟ ಗಾಜಿನ ಸೀಸೆಗಳು, ಎಲ್ಲ ಕಾಲುವೆಗೆ. ತುಂಬಿ ಹರಿಯುತ್ತಿದ್ದ ನೀರು ಡಬ್ಬವನ್ನು ಒಮ್ಮೆ ತಿರುಗಿಸಿ ಒಯ್ದುಬಿಟ್ಟಿತು.

ಅಂಜಿನಿ ಕಾಲುವೆ ನೋಡಿದ. ರಾಡು ನೋಡಿಕೊಂಡ. ಅವನಿಗೆ ಸಿಕ್ಕ ಆರ್ಡರ್ ಡಬ್ಬದ ಬಗ್ಗೆ. ಡಬ್ಬ ಇಲ್ಲದಾಗ ಏನು ಮಾಡಬೇಕೆಂದು ಯಾರೂ ಅವನಿಗೆ ಹೇಳಿರಲಿಲ್ಲ. ಗೇಟ್ ಕಾಯುವಾಗಲೂ ಹೀಗೇ. ಪಾಸ್ ಇಲ್ಲದ ಲಾರಿ ಬಂದರೆ ಫೋನ್ ಮಾಡುತ್ತಿದ್ದ. ಈಗಲೂ ಅದನ್ನೇ ಮಾಡಿದ.

"ಸಾಹೇಬ್ರ... ಡಬ್ಬ ಕಾಲುವಿಗೆ ಬಿತ್ರಿ... ಇಲ್ರಿ, ಅವರೇ ಒಗದ್ರು..."

ನಾನು ಬೈಕನ್ನು ಸೇತುವೆಯ ಪಕ್ಕದ ಗದ್ದೆಯ ಬದುವಿಗೆ ಇಳಿಸಿದೆ.

ಬದುವಿನ ಮೇಲೆ ಬುಲೆಟ್ ಓಡಿಸುವುದನ್ನು ಯಾರಿಗೂ ಶಿಫಾರಸು ಮಾಡುವುದಿಲ್ಲ. ಭುಜ ಬೆಂಕಿಯಾಗಿತ್ತು. ಎಡಕ್ಕೆ ಕೆಸರು, ಬಲಕ್ಕೆ ಕೆಸರು. ಹಿಂದೆ ಪಂಪೇಶ್... ಸದ್ದೇ ಇಲ್ಲ. ಬೆಳಗಿನಿಂದ ಮೊದಲ ಸಲ ಅವನು ಸುಮ್ಮನಿದ್ದ. ಅದು ನನಗೆ ಟಿಪ್ಪರಿಗಿಂತ ಹೆಚ್ಚು ಹೆದರಿಕೆ ತಂದಿತು.

"ಏನಾತ್ರಿ?"

"ಅದು ವರ್ಷದ ಮ್ಯಾಲಿನ ಅಂಟು ಮೇಡಂ. ಎಷ್ಟು ಕಾಲ ಕೆಡಂಗಿಲ್ಲ ಅಂತ ನೋಡಾಕ ಇಟ್ಟಿದ್ದೆ. ಇನ್ನೊಮ್ಮೆ ಮಾಡಬಹುದು. ಆದ್ರ ವರ್ಷ ಮತ್ತ ಕಾಯಬೇಕು."

"ತಪ್ಪಾತ್ರಿ."

"ಇಲ್ರಿ. ನೀವು ಒಗದದ್ರಾಗ ನ್ಯಾಯ ಐತಿ." ಆಮೇಲೆ ಸೇರಿಸಿದ, "ಕಾಲುವಿ ಮೀನಿಗೆ ಏನೂ ಆಗಂಗಿಲ್ಲ, ಚಿಂತಿ ಮಾಡಬ್ಯಾಡ್ರಿ."

ನಾನು ಮೀನಿನ ಚಿಂತೆ ಮಾಡಿರಲಿಲ್ಲ ಎಂದು ಹೇಳಲು ಮನಸ್ಸಾಗಲಿಲ್ಲ.

ಹಿಂದೆ ಜೀಪಿನ ಸದ್ದು ಕೇಳಿತು. ಅಂಜಿನಿಗೆ ಹೊಸ ಆರ್ಡರ್ ಸಿಕ್ಕಿತ್ತು. ಈಗ ಬೇಕಾದದ್ದು ಪಂಪೇಶ್.

ಗದ್ದೆಯ ಬಂಡಿ ದಾರಿಯಲ್ಲಿ ಜೀಪು ಹಾರುತ್ತ ಬರುತ್ತಿತ್ತು. ದಾರಿಯ ಅಂಚಿಗೆ ನಾಟಿಗೆ ಕಿತ್ತಿಟ್ಟ ಭತ್ತದ ಸಸಿಯ ಕಟ್ಟುಗಳು. ಅಂಜಿನಿ ಅವುಗಳ ಮೇಲೆಯೇ ಹತ್ತಿಸಿದ.

ಅಲ್ಲಿ ಅವನ ಲೆಕ್ಕ ತಪ್ಪಿತು.

ಗದ್ದೆಯಲ್ಲಿ ನಾಟಿ ಹಚ್ಚುತ್ತಿದ್ದ ಹೆಂಗಸರು ಬೆನ್ನು ನೆಟ್ಟಗೆ ಮಾಡಿದರು. ಮುಂದೆ ಇದ್ದವಳು ಎರ್ರೆಮ್ಮ. ಗದ್ದೆಯ ಒಡತಿ. ಮೊಣಕಾಲುದ್ದ ಕೆಸರಿನಿಂದ ಸಾವಕಾಶ ಎದ್ದು ಬಂದು ಜೀಪಿನ ಮುಂದೆ ನಿಂತಳು.

"ಇಳಿಯಲೇ ಕೆಳಗ."

"ಅಮ್ಮಾ, ಜಲ್ದಿ ಐತಿ, ಬಿಡ್ರಿ..."

"ಸಸಿ ತುಳದೀಯಲ್ಲ, ಅದನ್ನ ನೆಟ್ಟು ಹೋಗು. ಕೆಸರಿನ್ಯಾಗ ಜಲ್ದಿ ಆಗಂಗಿಲ್ಲ."

ಇಪ್ಪತ್ತು ಕೈಗಳು, ಎಲ್ಲವೂ ಕೆಸರು, ಜೀಪಿನ ಸುತ್ತ. ಒಬ್ಬಳು ಆಗಲೇ ಕೀ ತೆಗೆದು ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದಳು. ಬಾಗಿಲಿನಷ್ಟು ಅಗಲದ ಅಂಜಿನಿ ಪ್ಯಾಂಟು ಮಡಚುವುದನ್ನು ದೂರದಿಂದ ನೋಡಿದೆ. ಚೆನ್ನಾಗಿ ನೆಡಲಿ ಎಂದು ಮನಸ್ಸಿನಲ್ಲೇ ಹಾರೈಸಿದೆ.

ಕಂಪ್ಲಿಯಲ್ಲಿ ನಾಗೇಂದ್ರಪ್ಪ ಮಜ್ಜಿಗೆ ಕುಡಿಯುತ್ತ ಕೂತಿದ್ದರು. ನಮ್ಮ ಅವತಾರ ನೋಡಿ ಗಾಬರಿಯಾಗಲಿಲ್ಲ.

"ಬರ್ರಿ, ಕುಂದ್ರಿ. ಮಜ್ಜಿಗಿ?"

"ಟೈಮಿಲ್ರಿ," ಎಂದೆ. "ಹಿಂದ ಬರಾಕತ್ಯಾರ."

"ಹಂಗಾದ್ರ ಅರ್ಧ ಲೋಟ."

ಒಳಗೆ ಕಂಪ್ಯೂಟರ್ ಮುಂದೆ ಪಂಪೇಶನನ್ನು ಕೂರಿಸಿದರು. ಮೊದಲು ಸಹಿ. ಆಮೇಲೆ ಪ್ರಶ್ನೆ. ಪಂಪೇಶ್ ಉತ್ಸಾಹದಿಂದ ಶುರು ಮಾಡಿದ. ಇಲಿಯನ್ನು ಹೇಗೆ ಮಲಗಿಸಬೇಕು, ತಲೆ ಎಷ್ಟು ವಾಲಿಸಬೇಕು, ಹನಿ ಎಷ್ಟು ಸಣ್ಣದಿರಬೇಕು...

"ಸಾಕು," ನಾಗೇಂದ್ರಪ್ಪ ಕೈ ಎತ್ತಿದರು. "ಇದು ವಿಧಾನ. ಇದಕ್ಕ ಪೇಟೆಂಟ್ ಇಲ್ಲ."

"ಅಂದ್ರ?" ನಾನು ಬಾಗಿಲಿನಿಂದ ಕೇಳಿದೆ.

"ರೋಗಿಗೆ ಚಿಕಿತ್ಸೆ ಮಾಡೋ ವಿಧಾನಕ್ಕ ಈ ದೇಶದಾಗ ಪೇಟೆಂಟ್ ಕೊಡಂಗಿಲ್ಲ, ಅನುಸೂಯಮ್ಮ. ಕಾಯ್ದೆದಾಗೇ ಐತಿ. ಡಾಕ್ಟರು ಪೇಷಂಟಿನ ಮೂಗಿಗೆ ಹನಿ ಬಿಡೋ ಮುಂಚೆ ಇನ್ಯಾರದೋ ಪರ್ಮಿಷನ್ ಕೇಳ್ಕಂತ ಕುಂದ್ರಬೇಕೇನು?"

"ಮತ್ತ ಇವರ ಕೆಲ್ಸ ಎಲ್ಲಾ ನೀರಿಗೆ ಹೋತಾ?"

ಆ ಮಾತು ಆಡಬಾರದಿತ್ತು. ಪಂಪೇಶ್ ತಲೆ ತಗ್ಗಿಸಿದ.

"ದಾರಿಗೆ ಪೇಟೆಂಟ್ ಇಲ್ಲ. ಆ ದಾರಿಯೊಳಗ ಓಡೋ ಗಾಡಿಗೆ ಐತಿ," ಎಂದರು ನಾಗೇಂದ್ರಪ್ಪ. "ಅಂಟಿನ ಬಗ್ಗೆ ಹೇಳ್ರಿ ಮಾಸ್ತರ. ಬರೇ ಎರಡು ಪದಾರ್ಥ ಕಲಸಿದ್ರ ಆಗಂಗಿಲ್ಲ. ಕಲಸಿದ ಮ್ಯಾಲೆ ಎರಡರೊಳಗೂ ಇಲ್ಲದ್ದು ಏನರ ಹುಟ್ಟಬೇಕು. ಹುಟ್ಟೈತೇನು?"

"ಹುಟ್ಟೈತ್ರಿ," ಎಂದ ಪಂಪೇಶ್. "ಬ್ಯಾರೆ ಬ್ಯಾರೆ ಇದ್ದಾಗ ಎರಡೂ ಗಂಟಲಿಗೆ ಜಾರ್ತಾವ. ಕೂಡಿಸಿ ಕಾಸಿದ್ರ ಮೂಗಿನ ಮ್ಯಾಲೇ ಕಚ್ಕಂತಾವ. ಅಳತಿ ತಪ್ಪಿದ್ರ ಇಲ್ಲ."

"ಅಳತಿ ಹೇಳ್ರಿ."

ಪಂಪೇಶ್ ಹೇಳುತ್ತ ಹೋದ. ಮುದುಕರು ಎರಡು ಬೆರಳಲ್ಲಿ ಟೈಪ್ ಮಾಡುತ್ತ ಹೋದರು. ಮೊದಲು ತಾತ್ಕಾಲಿಕ ಅರ್ಜಿ. ಅದು ಸೇರಿದರೆ ತಾರೀಕು ನಮ್ಮದು. ಪೂರ್ತಿ ಅರ್ಜಿ ವರ್ಷದೊಳಗೆ ಹಾಕಬಹುದು. ಎಲ್ಲ ಮುಗಿದು, ಕಳಿಸುವ ಗುಂಡಿ ಒತ್ತುವಾಗ ಕರೆಂಟ್ ಹೋಯಿತು. ಬ್ಯಾಟರಿಯಿಂದ ಕಂಪ್ಯೂಟರ್ ಉಳಿಯಿತು. ಇಂಟರ್ನೆಟ್ ಉಳಿಯಲಿಲ್ಲ.

ಹೊರಗೆ ಕಾರು ನಿಂತ ಸದ್ದಾಯಿತು.

"ಇಲ್ಲಿ ಬರೋದು ಅವರಿಗೆ ಹ್ಯಾಂಗ ಗೊತ್ತಾತು?" ಎಂದೆ.

"ಅರ್ಜಿ ಯಾರ ಕಡೆ ಬರೆಸ್ತೀರಿ ಅಂತ ಊಟದಾಗ ಕೇಳಿದ್ರು," ಎಂದ ಪಂಪೇಶ್. "ಹೇಳಿದ್ದೆ."

ನಾನು ಅವನನ್ನು ನೋಡಿದೆ. ಅವನು ಗೋಡೆ ನೋಡಿದ.

ಪೊಲೀಸರನ್ನು ಕರೆಯಬಹುದಿತ್ತು. ಕರೆದರೆ ನಾವೆಲ್ಲ ಠಾಣೆಯಲ್ಲಿ ಕೂತಿರುತ್ತಿದ್ದೆವು. ಅರ್ಜಿ ಕಂಪ್ಯೂಟರಿನಲ್ಲಿ ಕೂತಿರುತ್ತಿತ್ತು. ನಾಗೇಂದ್ರಪ್ಪ ಮೊಬೈಲಿನಿಂದ ನೆಟ್ ಹಿಡಿಯಲು ಒದ್ದಾಡುತ್ತಿದ್ದರು. ಬಂದವರು ಒಳಗೆ ನುಗ್ಗದಿರಲಿ ಎಂದು ನಾನು ಪಂಪೇಶನನ್ನು ಹೊರಗೆ ಕರೆದುಕೊಂಡು ಬಂದು ಬಾಗಿಲು ಎಳೆದುಕೊಂಡೆ.

ಶಂಭುಲಿಂಗ ಜಗಲಿ ಕಟ್ಟೆಯ ಮೇಲೆ ಕರವಸ್ತ್ರ ಹಾಸಿ ಕೂತ. ಪಕ್ಕದಲ್ಲಿ ಅಂಜಿನಿ, ಸೊಂಟದವರೆಗೆ ಕೆಸರು.

"ಅನುಸೂಯಮ್ಮ, ಭಾಳ ಓಡಾಡಿಸಿದ್ರಿ."

"ನಿಮಗ ಕೂತು ಕೂತು ಮೈ ಬಂದಿತ್ರಿ."

ಅವನು ನಕ್ಕ. ಕಣ್ಣು ನಗಲಿಲ್ಲ. ಅಂಜಿನಿಗೆ ತಲೆ ಆಡಿಸಿದ. ಅಂಜಿನಿ ಪಂಪೇಶನ ಬಲಗೈ ಹಿಡಿದು ಕಟ್ಟೆಯ ಕಲ್ಲಿನ ಮೇಲಿಟ್ಟ. ಬೆರಳುಗಳ ಮೇಲೆ ರಾಡು ಇಟ್ಟ. ನನ್ನ ಕಡೆ ನೋಡಲಿಲ್ಲ.

"ಅಂಟು ಕಾಲುವಿಗೆ ಹೋತು. ಹೋಗ್ಲಿ," ಎಂದ ಶಂಭುಲಿಂಗ. "ಅಂಥ ಅಂಟು ನನ್ನ ಫ್ಯಾಕ್ಟರಿಯೊಳಗ ಬ್ಯಾರಲ್‌ಗಟ್ಲೆ ಬಿದ್ದೈತಿ. ನಂಗ ವಿಧಾನ ಬೇಕು. ಮೂಗಿನಿಂದ ಮಿದುಳಿಗೆ ಹ್ಯಾಂಗ ಒಯ್ತೀ? ಹೇಳು. ಇಲ್ಲಂದ್ರ ಈ ಕೈಯಿಂದ ಇನ್ನೊಂದು ಸೀಸೆ ಹಿಡಿಯಂಗಿಲ್ಲ."

ಪಂಪೇಶನ ಮುಖ ಸುಣ್ಣವಾಗಿತ್ತು. ಆದರೂ ಬಾಯಿ ಮುಚ್ಚಿದ್ದ. ಬಾಯಿ ಮುಚ್ಚಲು ಬರುವುದಿಲ್ಲ ಎಂದವನು, ಬೆರಳಿನ ಮೇಲೆ ಕಬ್ಬಿಣ ಇಟ್ಟುಕೊಂಡು, ತುಟಿ ಬಿಗಿದು ಕೂತಿದ್ದ. ಅವನ ಬಗ್ಗೆ ನಾನು ಅಂದುಕೊಂಡಿದ್ದನ್ನೆಲ್ಲ ತಿದ್ದಿಕೊಂಡೆ.

"ಹೇಳ್ರಿ ಪಂಪೇಶ್," ಎಂದೆ.

ಅವನು ನನ್ನನ್ನು ನೋಡಿದ.

"ದಾರಿ ಕೇಳಾಕತ್ಯಾರ. ದಾರಿ ಹೇಳ್ರಿ. ಒಂದಕ್ಷರ ಬಿಡಬ್ಯಾಡ್ರಿ."

ಅರ್ಥವಾಯಿತು ಅವನಿಗೆ. ಕಣ್ಣಿನಲ್ಲಿ ಏನೋ ಮಿನುಗಿತು.

ಆಮೇಲೆ ಶುರು ಮಾಡಿದ.

ಇಲಿಯ ಮೂಗಿನಿಂದ ಶುರುವಾಗಿ ಮನುಷ್ಯನ ಮೂಗಿಗೆ ಬಂದ. ತಲೆ ವಾಲಿಸುವ ಕೋನ. ಉಸಿರು ಹಿಡಿಯುವ ಹೊತ್ತು. ನೆಗಡಿ ಇದ್ದರೆ ಏನು. ಮೂಗಿನ ಮೂಳೆ ಸೊಟ್ಟಗಿದ್ದರೆ ಏನು. ಶಂಭುಲಿಂಗ ಖುಷಿಯಿಂದ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡ. ಸ್ವಲ್ಪ ಹೊತ್ತಿಗೆ ಖುಷಿ ಇಳಿಯಿತು. ಅಂಜಿನಿ ರಾಡು ಪಕ್ಕಕ್ಕಿಟ್ಟು ಆಕಳಿಸಿದ. ಕೇಳುವಾಗ ತನ್ನ ಮೂಗನ್ನೇ ಎರಡು ಸಲ ಮುಟ್ಟಿಕೊಂಡ. ನಾನು ಬಾಗಿಲಿಗೆ ಒರಗಿ ಒಳಗಿನ ಸದ್ದಿಗೆ ಕಿವಿ ಕೊಟ್ಟಿದ್ದೆ.

ಏನೂ ಇಲ್ಲ.

"ಸಾಕು, ತಿಳೀತು," ಎಂದ ಶಂಭುಲಿಂಗ. ಎದ್ದ. ಕರವಸ್ತ್ರ ಕೊಡವಿದ. ಎರಡು ಹೆಜ್ಜೆ ಇಟ್ಟವನು ತಿರುಗಿದ. "ಅಂದಂಗ, ಆ ಅಂಟಿನ್ಯಾಗ ಏನೇನು ಹಾಕಿದ್ದಿ?"

ಪಂಪೇಶ್ ಬಾಯಿ ತೆರೆದ. ನೇರ ಪ್ರಶ್ನೆ. ಸುಳ್ಳು ಹೇಳಲು ಬಾರದ ಮನುಷ್ಯ. ಮತ್ತೆ ತುಟಿ ಬಿಗಿಯುತ್ತಾನೋ ಇಲ್ಲವೋ ಗೊತ್ತಿಲ್ಲ, ಬಿಗಿದರೆ ರಾಡು ಮತ್ತೆ ಎದ್ದೇಳುತ್ತದೆ. ನಾನು ಮುಷ್ಟಿ ಕಟ್ಟಿದೆ. ಅಂಜಿನಿಗೆ ಎಲ್ಲಿ ಹೊಡೆದರೆ ಬೀಳುತ್ತಾನೆ ಎಂದು ನೋಡಿಟ್ಟುಕೊಂಡೆ.

"ಅದ್ರಾಗ..." ಎಂದ ಪಂಪೇಶ್.

ಹಿಂದಿನಿಂದ ಬಾಗಿಲು ತೆರೆಯಿತು. ನಾಗೇಂದ್ರಪ್ಪ, ಕೈಯಲ್ಲಿ ಮಜ್ಜಿಗೆ ಲೋಟ.

"ಕರೆಂಟ್ ಬಂತು ಅನುಸೂಯಮ್ಮ. ಕೆಲ್ಸಾನೂ ಆತು."

ನಾನು ಮುಷ್ಟಿ ಬಿಚ್ಚಿದೆ. ತಾರೀಕು ಈಗ ನಮ್ಮದು.

"ಸಾಹೇಬ್ರು ಕೇಳಾಕತ್ಯಾರಲ್ಲ ಪಂಪೇಶ್," ಎಂದೆ. "ಅದನ್ನೂ ಹೇಳ್ರಿ. ಅಳತಿ ಸಮೇತ."

ಅವನು ಹೇಳಿದ. ನಿಧಾನವಾಗಿ, ಪಾಠ ಹೇಳುವ ಹಾಗೆ. ಶಂಭುಲಿಂಗ ಒಂದು ಕಡೆ ಎರಡನೇ ಸಲ ಕೇಳಿ ಖಚಿತ ಮಾಡಿಕೊಂಡ. ಹೋಗುವಾಗ ನನಗೆ ಕೈ ಮುಗಿದ.

"ಬುದ್ಧಿವಂತರ ಜೊತೆ ವ್ಯವಹಾರ ಸುಲಭ ಅನುಸೂಯಮ್ಮ."

"ಹೌದ್ರಿ," ಎಂದೆ.

ಅವನು ಮರುದಿನವೇ ಅವಸರದಿಂದ ತನ್ನ ಹೆಸರಿನಲ್ಲಿ ಅರ್ಜಿ ಹಾಕಿಸಿದನಂತೆ. ವಿಧಾನಕ್ಕೂ ಅಂಟಿಗೂ ಸೇರಿಸಿ. ಅವನ ವಕೀಲ ಏನೋ ಹೇಳಲು ಹೋದನಂತೆ. ಶಂಭುಲಿಂಗ ಕೇಳಿಸಿಕೊಳ್ಳಲಿಲ್ಲ.

ಪೇಟೆಂಟ್ ಆಫೀಸಿನ ಕೆಲಸ ಎತ್ತಿನ ಬಂಡಿಯ ಓಟ. ವರ್ಷಗಳು ಹಿಡಿದವು. ಅಷ್ಟರಲ್ಲಿ ಪಂಪೇಶ್ ಹೊಸ ಅಂಟು ಕಾಸಿ, ಇನ್ನೊಂದು ವರ್ಷ ಕಾದು, ಅದೂ ಕೆಡಲಿಲ್ಲ ಎಂದು ತೋರಿಸಿದ. ನಾಗೇಂದ್ರಪ್ಪ ಆ ಆಫೀಸಿನ ಪ್ರಶ್ನೆಗಳಿಗೆಲ್ಲ ಎರಡೇ ಬೆರಳಲ್ಲಿ ಉತ್ತರ ಬರೆದರು. ಅಂಟಿಗೆ ಪೇಟೆಂಟ್ ಸಿಕ್ಕಿತು. ಒಂದು ಕಂಪನಿ ಮನುಷ್ಯರ ಮೇಲಿನ ಪರೀಕ್ಷೆಗೆ ಒಪ್ಪಿದೆ. ಬೆಲೆಗೆ ಮಿತಿ ಇರಬೇಕು ಎಂದು ಪಂಪೇಶ್ ಕರಾರಿನಲ್ಲಿ ಬರೆಸಿದ್ದಾನೆ. ಫಲ ಕೊಡುತ್ತದೋ ಇಲ್ಲವೋ ಇನ್ನೂ ಗೊತ್ತಿಲ್ಲ. ಅವನನ್ನು ಕೇಳಿದರೆ ಗೊತ್ತಿಲ್ಲ ಅಂತಲೇ ಹೇಳುತ್ತಾನೆ, ಒಂದು ಗಂಟೆ.

ಶಂಭುಲಿಂಗನ ಅರ್ಜಿ ಎರಡು ತುಂಡಾಗಿ ವಾಪಸ್ ಬಂತು. ವಿಧಾನಕ್ಕೆ ಕಾಯ್ದೆಯಲ್ಲೇ ಜಾಗವಿಲ್ಲ. ಅಂಟಿಗೆ ಅವನಿಗಿಂತ ಮೊದಲೇ ಬಂದವರಿದ್ದಾರೆ.

ಮೊನ್ನೆ ಮಧ್ಯಾಹ್ನ ನನ್ನ ಆಫೀಸಿಗೆ ಅವನ ಫೋನ್ ಬಂತು. ಈ ಸಲ ಮಾತು ತಣ್ಣಗಿರಲಿಲ್ಲ.

"ನಂಗ ಮೋಸ ಮಾಡಿದ್ರಿ ಅನುಸೂಯಮ್ಮ."

"ಇಲ್ರಿ ಸಾಹೇಬ್ರ," ಎಂದೆ. "ನೀವು ಕೇಳಿದ್ದಕ್ಕೆಲ್ಲ ನಿಜಾನೇ ಹೇಳೀವಿ. ಉಪಯೋಗಕ್ಕ ಬರೋದನ್ನ ನೀವು ಕಡೀಗೆ ಕೇಳಿದ್ರಿ."